ಕಾಟಾ ಏರದ ಹಡಗಿನ ತೂಕ ಅಂದಾಜಿಸುವ ಬಗೆ

ಕಲಬುರಗಿಯ ಗಂಜ್‌ಗೆ ತೊಗರಿ ತರುವ ಲಾರಿ ಎರಡು ಸಲ ಕಾಟಾ ಏರುತ್ತದೆ, ಒಮ್ಮೆ ಭರ್ತಿಯಾಗಿ, ಮಾಲು ಇಳಿಸಿದ ಮೇಲೆ ಮತ್ತೊಮ್ಮೆ ಖಾಲಿಯಾಗಿ. ಎರಡರ ವ್ಯತ್ಯಾಸವೇ ಮಾಲಿನ ತೂಕ. ಹಡಗಿನ ಲೆಕ್ಕವೂ ಇದೇ ಮೂರು ಅಂಕಿಗಳದು. ಖಾಲಿ ಹಡಗಿನ ತೂಕಕ್ಕೆ ಲೈಟ್‌ಶಿಪ್ ಎಂದೂ, ಅದು ಹೊರುವ ಇಂಧನ, ಕುಡಿಯುವ ನೀರು, ಸಿಬ್ಬಂದಿ, ಸರಕುಗಳ ತೂಕಕ್ಕೆ ಡೆಡ್‌ವೇಟ್ ಎಂದೂ, ಎರಡೂ ಸೇರಿದ್ದಕ್ಕೆ ಡಿಸ್‌ಪ್ಲೇಸ್‌ಮೆಂಟ್ ಎಂದೂ ಹೆಸರು. ಆದರೆ ವಿನ್ಯಾಸ ಶುರುವಾಗುವಾಗ ತೂಗಲು ಹಡಗೇ ಇರುವುದಿಲ್ಲ. ಸಮುದ್ರದಿಂದ ದೂರವಿರುವ ಈ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಸ್ತು ಹಡಗೊಂದನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಾಗ ನಾನು ಹೇಳಿಕೊಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನೀರಿನ ಕಡೆಯಿಂದ ಲೆಕ್ಕ ಹಾಕಬೇಕು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಡಗಿನ ಉದ್ದ 60 ಮೀಟರ್, ಅಗಲ 11 ಮೀಟರ್, ನೀರಿನಲ್ಲಿ ಮುಳುಗಿರುವ ಆಳ 3.2 ಮೀಟರ್ ಎಂದಿಟ್ಟುಕೊಂಡರೆ 2112 ಘನ ಮೀಟರಿನ ಪೆಟ್ಟಿಗೆಯಾಗುತ್ತದೆ. ಹಡಗು ಪೆಟ್ಟಿಗೆಯಂತಿರದೆ ತುದಿಗಳಲ್ಲಿ ಸಪೂರವಾಗುವುದರಿಂದ ಇದನ್ನು ಬ್ಲಾಕ್ ಗುಣಾಂಕದಿಂದ, ಇಲ್ಲಿ 0.52ರಿಂದ, ಗುಣಿಸಿದರೆ 1098 ಘನ ಮೀಟರ್ ಉಳಿಯುತ್ತದೆ. ಸಮುದ್ರದ ನೀರು ಘನ ಮೀಟರಿಗೆ 1.025 ಟನ್ ತೂಗುವುದರಿಂದ ಈ ಹಡಗಿಗೆ ನೀರು ಕೊಡುವ ಆಧಾರ ಸುಮಾರು 1126 ಟನ್.

ಇನ್ನು ವಸ್ತುಗಳ ಕಡೆಯ ಲೆಕ್ಕ. ಉಕ್ಕಿನ ಒಡಲು, ಯಂತ್ರಗಳು, ಒಳಸಜ್ಜು ಎಂಬ ಮೂರು ಭಾಗ ಮಾಡಿದರೆ ವಾಣಿಜ್ಯ ಹಡಗಿಗೆ ಸಾಕು. ಯುದ್ಧನೌಕೆಗೆ ವಿದ್ಯುತ್ ವ್ಯವಸ್ಥೆ, ರೇಡಾರ್ ಮತ್ತು ಸಂಪರ್ಕ ಸಾಧನಗಳು, ಸಹಾಯಕ ಯಂತ್ರಗಳು, ಶಸ್ತ್ರಾಸ್ತ್ರ ಎಂದು ಏಳು ಗುಂಪುಗಳವರೆಗೆ ವಿಂಗಡಿಸುವ ರೂಢಿಯಿದೆ. ಉಕ್ಕಿಗೆ ಅದೇ ಬಗೆಯ ಹಳೆಯ ಹಡಗೊಂದನ್ನು ಮಾದರಿಯಾಗಿ ಹಿಡಿಯಬೇಕು. ಮಾದರಿಯ ಉದ್ದ, ಅಗಲ ಮತ್ತು ಡೆಕ್‌ವರೆಗಿನ ಎತ್ತರ 54, 10, 6 ಮೀಟರ್ ಇದ್ದು, ಅದರ ಉಕ್ಕು 320 ಟನ್ ಎಂದುಕೊಳ್ಳಿ. ಮೂರರ ಗುಣಲಬ್ಧ 3240. ನಮ್ಮ ಹಡಗಿನ ಎತ್ತರ 6.3 ಮೀಟರ್ ಆದರೆ ಗುಣಲಬ್ಧ 4158. ಅದೇ ಪ್ರಮಾಣದಲ್ಲಿ ಉಕ್ಕು 411 ಟನ್ ಆಗುತ್ತದೆ. ಯಂತ್ರಗಳನ್ನು ಮಾತ್ರ ಗಾತ್ರದಿಂದ ಅಳೆಯದೆ ಎಂಜಿನ್ನಿನ ಶಕ್ತಿಯಿಂದ ಅಳೆಯಬೇಕು, ಏಕೆಂದರೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಹತ್ತಿರದ ಪ್ರಮಾಣದಲ್ಲಿ ಏರುತ್ತದೆ.

ನಕ್ಷೆ ಬಂದ ಮೇಲೆ ಹಾಳೆ ಹಾಳೆಯಾಗಿ ಲೆಕ್ಕ ಮಾಡಬಹುದು. ಒಂದು ಚದರ ಮೀಟರ್ ಉಕ್ಕಿನ ಹಾಳೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, 7.85 ಕಿಲೊ ತೂಗುತ್ತದೆ. 6 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ಒಂದೇ ಹಾಳೆ 565 ಕಿಲೊ. ಸ್ಲ್ಯಾಬಿನ ಸರಳು ಮೀಟರಿಗೆ ಎಷ್ಟು ಕಿಲೊ ಎಂದು ತಿಳಿಯಲು ಮಿಲಿಮೀಟರ್ ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ನಮ್ಮ ಮೇಸ್ತ್ರಿಗಳಿಗೆ ಇದು ಹೊಸದೇನಲ್ಲ. ನಾನು ಮೊದಲ ಸಲ ಹಾಳೆಗಳನ್ನೆಲ್ಲ ಕೂಡಿ, ಅವುಗಳ ಹಿಂದೆ ಬೆಸೆಯುವ ಪಟ್ಟಿಗಳನ್ನು ಪೂರ್ತಿ ಮರೆತಿದ್ದೆ. ಬಣ್ಣ, ವೈರು, ಬೆಸುಗೆಯ ಲೋಹ, ಪೈಪುಗಳಲ್ಲಿ ನಿಲ್ಲುವ ಎಣ್ಣೆ ಕೂಡ ಹೀಗೆಯೇ ತಪ್ಪಿಹೋಗುತ್ತವೆ. ಅದಕ್ಕಾಗಿ ಮೀಸಲು ತೂಕವನ್ನು ಪ್ರತಿ ಸಾಲಿನಲ್ಲಿ ಅಡಗಿಸದೆ ಒಂದೇ ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ವಿದ್ಯಾರ್ಥಿಗಳ ಲೆಕ್ಕಕ್ಕೆ ನಾನು ಲೈಟ್‌ಶಿಪ್‌ನ ಶೇ 10ರಷ್ಟು ಇಡಿಸುತ್ತೇನೆ.

ಈಗ ಎರಡೂ ಕಡೆ ಹೋಲಿಸಿ. ಲೈಟ್‌ಶಿಪ್, ಮೀಸಲು, ಡೆಡ್‌ವೇಟ್ ಎಲ್ಲ ಸೇರಿ ವಸ್ತುಗಳ ಮೊತ್ತ 1190 ಟನ್ ಬಂದರೆ 64 ಟನ್ ಹೆಚ್ಚಾಯಿತು. ನೀರಿನ ಮಟ್ಟದಲ್ಲಿ ಹಡಗಿನ ವಿಸ್ತೀರ್ಣ 495 ಚದರ ಮೀಟರ್ ಇದ್ದರೆ ಒಂದು ಸೆಂಟಿಮೀಟರ್ ಇಳಿಯಲು ಸುಮಾರು 5 ಟನ್ ಬೇಕು, ಅಂದರೆ ಹಡಗು 13 ಸೆಂಟಿಮೀಟರ್ ಹೆಚ್ಚು ಮುಳುಗುತ್ತದೆ. ಆಗ ನೀರಿನ ತಡೆ ಏರಿ, ದೊಡ್ಡ ಎಂಜಿನ್, ಹೆಚ್ಚು ಇಂಧನ ಬೇಕಾಗಿ ತೂಕ ಮತ್ತೆ ಏರುವುದರಿಂದ, ಅಳತೆ ಬದಲಿಸಿ ಎರಡೂ ಅಂಕಿ ಕೂಡುವ ತನಕ ಲೆಕ್ಕ ಮರಳಿ ಮಾಡಬೇಕು. ಸ್ಪೇನಿನ ಎಸ್-80 ಜಲಾಂತರ್ಗಾಮಿಯ ಹೆಚ್ಚುವರಿ ತೂಕ 2013ರಲ್ಲಿ, ನಿರ್ಮಾಣದ ನಡುವೆ, ಬಯಲಾಗಿ ಅದರ ಉದ್ದವನ್ನೇ ಹಿಗ್ಗಿಸಬೇಕಾಯಿತು.

ಪ್ರತಿ ತೂಕದ ಎದುರು ಅದು ಹಡಗಿನ ತಳದಿಂದ ಎಷ್ಟು ಎತ್ತರದಲ್ಲಿದೆ ಎಂಬ ಅಂಕಣವೂ ಇರಲಿ. ಜೋಳದ ಕಣಿಕೆಯನ್ನು ಎತ್ತರಕ್ಕೆ ಒಟ್ಟಿದ ಬಂಡಿ ತಿರುವಿನಲ್ಲಿ ಹೇಗೆ ವಾಲುತ್ತದೆಂದು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಕಂಬದ ತುದಿಯ ರೇಡಾರ್ ಹಗುರವಾದರೂ ಹಡಗನ್ನು ವಾಲಿಸುವುದರಲ್ಲಿ ಅದರ ಪಾಲು ದೊಡ್ಡದು.

ಹಡಗು ಕಟ್ಟಿ ಮುಗಿದಾಗ ಅದು ಎಷ್ಟು ಆಳ ಮುಳುಗಿದೆಯೆಂದು ನೋಡಿ ನಿಜವಾದ ತೂಕ ತಿಳಿಯುತ್ತಾರೆ. ಗೊತ್ತಿರುವ ತೂಕಗಳನ್ನು ಡೆಕ್ ಮೇಲೆ ಅಡ್ಡಕ್ಕೆ ಸರಿಸಿ, ತೂಗುಗುಂಡಿನಿಂದ ವಾಲುವಿಕೆ ಅಳೆದು, ಭಾರಕೇಂದ್ರದ ಎತ್ತರ ಕಂಡುಹಿಡಿಯುತ್ತಾರೆ. ಆ ಅಂಕಿಗಳನ್ನು ನಿಮ್ಮ ಅಂದಾಜಿನ ಪಕ್ಕದಲ್ಲೇ ಬರೆದಿಡಿ. ಮುಂದಿನ ವಿನ್ಯಾಸಕ್ಕೆ ಮಾದರಿಯಾಗುವುದು ಅದೇ ಲೆಕ್ಕದ ಹಾಳೆ.