ಗಂಟುಮೂಟೆ ಕಟ್ಟುವ ಮೊದಲೇ ಕೆಲಸ ಹಿಡಿಯುವುದು ಹೇಗೆ?

ಕುಮಟಾದಲ್ಲೋ ಶಿರಸಿಯಲ್ಲೋ ಕೂತು ಬೆಂಗಳೂರಿನ ಕೆಲಸಗಳಿಗೆ ಐವತ್ತು ಅರ್ಜಿ ಹಾಕಿ, ಒಂದಕ್ಕೂ ಫೋನ್ ಬಾರದಿದ್ದರೆ ಓದು ಸಾಲಲಿಲ್ಲವೇನೋ ಎಂದು ಕೊರಗಬೇಡಿ. ಎಷ್ಟೋ ಸಲ ಅರ್ಜಿಯನ್ನು ಯಾರೂ ತೆರೆದೇ ಇರುವುದಿಲ್ಲ. ನೌಕರಿ ಡಾಟ್ ಕಾಂ, ಲಿಂಕ್ಡ್‌ಇನ್‌ನಂಥ ತಾಣಗಳಲ್ಲಿ ನೇಮಕ ಮಾಡುವವರು ಮೊದಲು ಊರಿನ ಜರಡಿ ಹಿಡಿಯುತ್ತಾರೆ. ‘ಈಗಿರುವ ಊರು ಬೆಂಗಳೂರು’ ಎಂದು ಒತ್ತಿದರೆ ಸಾಕು, ಅಂಕೋಲಾ, ಹೊನ್ನಾವರ, ಸಿದ್ದಾಪುರದವರೆಲ್ಲ ಕೆಳಗೆ ಉದುರಿಹೋದರು. ನೇಮಕ ಮಾಡುವವರ ಅನುಮಾನ ಒಂದೇ: ಆಯ್ಕೆ ಮಾಡಿದ ಮೇಲೆ ಇವರು ಹೇಳಿದ ದಿನಕ್ಕೆ ಬರುತ್ತಾರೋ, ‘ಮನೆಯಲ್ಲಿ ಬೇಡ ಅಂದ್ರು’ ಎಂದು ಕೈಕೊಡುತ್ತಾರೋ? ಆ ಅನುಮಾನ ತೀರಿಸಿದರೆ ಅರ್ಧ ದಾರಿ ಸವೆದಂತೆ.

1. ಊರು ಮೊದಲು ಗಟ್ಟಿಯಾಗಲಿ

‘ಎಲ್ಲಾದರೂ ಸರಿ’ ಎಂದು ಬರೆದವರನ್ನು ಯಾರೂ ನೆಚ್ಚುವುದಿಲ್ಲ. ಒಂದು ಊರು, ಹೆಚ್ಚೆಂದರೆ ಎರಡು. ಕಾರವಾರದ ಕಡೆಯವರಿಗೆ ಬೆಂಗಳೂರಿಗಿಂತ ಗೋವಾ ಹತ್ತಿರ; ಮಡಗಾಂವ್ ಸುಮಾರು 70 ಕಿ.ಮೀ. ಅದರಾಚೆ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ಔಷಧ ಕಾರ್ಖಾನೆಗಳಿವೆ. ರಸಾಯನಶಾಸ್ತ್ರದಲ್ಲಿ ಬಿಎಸ್ಸಿ, ಬಿ.ಫಾರ್ಮಾ, ಡಿಪ್ಲೊಮಾ ಮಾಡಿದವರು ಮೊದಲು ನೋಡಬೇಕಾದ್ದು ಅಲ್ಲಿ. ಇಂಥ ಕಾರ್ಖಾನೆಗಳ ‘ವಾಕ್ ಇನ್’ (ನೇರವಾಗಿ ಹೋಗಿ ಹಾಜರಾಗುವ) ಸಂದರ್ಶನಗಳು ಸಾಮಾನ್ಯವಾಗಿ ಶನಿವಾರ, ಭಾನುವಾರ ಇರುವುದರಿಂದ ಈಗಿನ ಕೆಲಸಕ್ಕೆ ರಜೆ ಹಾಕದೆಯೇ ಹೋಗಿಬರಬಹುದು. ಮನೆಮಾತು ಕೊಂಕಣಿಯಾದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ. ಅದೇನು ದೊಡ್ಡ ವಿಷಯ ಎಂದು ನಮ್ಮವರು ಬಿಟ್ಟುಬಿಡುತ್ತಾರೆ, ಗೋವಾದಲ್ಲಿ ಅದೇ ದೊಡ್ಡ ವಿಷಯ.

2. ಬಯೋಡೇಟಾದ ತಲೆ ಬದಲಿಸಿ

ನಮ್ಮ ಕಡೆಯ ಬಯೋಡೇಟಾಗಳ ತಲೆಯ ಮೇಲೆ ‘ಅಟ್ ಪೋಸ್ಟ್ ಇಂಥ ಊರು, ತಾಲೂಕು ಕುಮಟಾ, ಜಿಲ್ಲೆ ಯು.ಕೆ.’ ಎಂದು ನಾಲ್ಕು ಸಾಲಿನ ವಿಳಾಸ ಇದ್ದೇ ಇರುತ್ತದೆ. ಯು.ಕೆ. ಎಂದರೆ ಉತ್ತರ ಕನ್ನಡ ಎಂದು ನಮಗೆ ಗೊತ್ತು, ಬೆಂಗಳೂರಿನ ಎಚ್.ಆರ್. ಅದನ್ನು ಇಂಗ್ಲೆಂಡ್ ಎಂದು ಓದಿಕೊಂಡರೆ ತಪ್ಪು ಅವರದಲ್ಲ. ವಿಳಾಸ ಅಳಿಸಿ ಒಂದೇ ಸಾಲು ಇಡಿ: ‘ಕುಮಟಾ, ಕರ್ನಾಟಕ. ಬೆಂಗಳೂರಿಗೆ ಬರುತ್ತಿದ್ದೇನೆ, ಆಯ್ಕೆಯಾದ 15 ದಿನಕ್ಕೆ ಹಾಜರಾಗಬಲ್ಲೆ.’ ದಿನದ ಲೆಕ್ಕ ಬರೆಯುವುದು ಮುಖ್ಯ, ‘ಶೀಘ್ರದಲ್ಲಿ’ ಎಂದರೆ ಯಾರಿಗೂ ಅರ್ಥವಾಗದು. ತಾಣಗಳಲ್ಲಿ ‘ಬಯಸುವ ಊರು’ ಎಂಬ ಬೇರೆ ಕಲಂ ಇರುತ್ತದೆ, ಅದನ್ನು ತುಂಬದೆ ಬಿಡಬೇಡಿ. ಅಕ್ಕನ ಮನೆ ವಿಜಯನಗರದಲ್ಲಿದೆ ಎಂದು ಅಲ್ಲೇ ವಾಸವಿದ್ದಂತೆ ಬರೆಯುವುದೂ ಬೇಡ. ಮುಂದೆ ವಿಳಾಸ ಪರಿಶೀಲನೆಗೆ ಬಂದಾಗ ಸುಳ್ಳು ಹೊರಬಿದ್ದರೆ ಸಿಕ್ಕ ಕೆಲಸವೂ ಹೋದೀತು.

ಅನುಭವ ಬರೆಯುವ ರೀತಿಯಲ್ಲೂ ಎಡವಟ್ಟಾಗುತ್ತದೆ. ಶಿರಸಿಯ ಅಡಿಕೆ ವಖಾರಿಯಲ್ಲೋ ಸೊಸೈಟಿಯಲ್ಲೋ ಮೂರು ವರ್ಷ ಲೆಕ್ಕ ನೋಡಿಕೊಂಡವರು ‘ಅಕೌಂಟೆಂಟ್’ ಎಂಬ ಒಂದು ಶಬ್ದ ಬರೆದು ಮುಗಿಸುತ್ತಾರೆ. ಹುಡುಕುವವರು ಟೈಪ್ ಮಾಡುವುದು ‘ಟ್ಯಾಲಿ ಪ್ರೈಮ್’, ‘ಜಿಎಸ್‌ಟಿಆರ್-1’, ‘ಜಿಎಸ್‌ಟಿಆರ್-3ಬಿ’, ‘ಇ-ವೇ ಬಿಲ್’, ‘ಬ್ಯಾಂಕ್ ರಿಕನ್ಸಿಲಿಯೇಷನ್’ ಎಂಬ ಶಬ್ದಗಳನ್ನು. ಮಾಡಿದ್ದು ಅದನ್ನೇ ಆದರೆ ಅದೇ ಹೆಸರಿನಲ್ಲಿ ಬರೆಯಿರಿ. ಸಂಬಳ ನಗದಾಗಿ ಬರುತ್ತಿದ್ದು ಪೇ ಸ್ಲಿಪ್ ಇಲ್ಲದಿದ್ದರೆ, ಸೇರಿದ ದಿನಾಂಕ, ಹುದ್ದೆ, ಸಂಬಳ ನಮೂದಿಸಿದ ಅನುಭವ ಪತ್ರವನ್ನು ಮಾಲೀಕರ ಲೆಟರ್‌ಹೆಡ್‌ನಲ್ಲಿ ಮೊದಲೇ ಪಡೆಯಿರಿ. ಕೊನೆಯ ಆರು ತಿಂಗಳಾದರೂ ಸಂಬಳ ಬ್ಯಾಂಕಿಗೇ ಹಾಕುವಂತೆ ಕೇಳಿಕೊಳ್ಳಿ. ಕೆಲಸ ಬಿಟ್ಟು ಬಂದ ಮೇಲೆ ಕೇಳಿದರೆ ‘ನೋಡ್ವಾ’ ಎನ್ನುತ್ತಲೇ ತಿಂಗಳು ಕಳೆಯುತ್ತದೆ.

ಪದವಿ ಪ್ರಮಾಣಪತ್ರ ಇನ್ನೂ ಬಾರದಿದ್ದರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿ.

3. ಹುಡುಕಾಟ

ಕೇಂದ್ರ ಕಾರ್ಮಿಕ ಸಚಿವಾಲಯದ ಎನ್‌ಸಿಎಸ್ (ನ್ಯಾಷನಲ್ ಕರಿಯರ್ ಸರ್ವಿಸ್) ಪೋರ್ಟಲ್, ರಾಜ್ಯದ ಸ್ಕಿಲ್ ಕನೆಕ್ಟ್ ಎರಡರಲ್ಲೂ ನೋಂದಣಿ ಉಚಿತ. ಖಾಸಗಿ ತಾಣಗಳಲ್ಲಿ ಇತ್ತೀಚೆಗೆ ಸಕ್ರಿಯರಾದವರನ್ನೇ ಆರಿಸಿ ನೋಡುವ ಸೌಲಭ್ಯ ಇರುತ್ತದೆ. ಹಾಗಾಗಿ ಬೆಳಗ್ಗೆ ಕಚೇರಿ ತೆರೆಯುವ ಮುಂಚೆ ಪ್ರೊಫೈಲ್ ತೆರೆದು ಒಂದು ಸಾಲು ತಿದ್ದಿ ಉಳಿಸಿ.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ ಕಂಪನಿಯಲ್ಲಿರುವ ಪರಿಚಯದವರ ರೆಫರಲ್, ಅಂದರೆ ಶಿಫಾರಸು. ಕಾಲೇಜಿನಲ್ಲಿ ಎರಡು ವರ್ಷ ಮುಂದಿದ್ದವರನ್ನು ಹುಡುಕಿ. ‘ಎಲ್ಲಾದ್ರೂ ಕೆಲ್ಸ ಇದ್ರೆ ಹೇಳು ಮಾರಾಯಾ’ ಎಂದರೆ ಯಾರೂ ಹೇಳುವುದಿಲ್ಲ. ಹುದ್ದೆಯ ಜಾಬ್ ಐಡಿ, ಬಯೋಡೇಟಾ ಎರಡನ್ನೂ ಕಳಿಸಿ ‘ಇದಕ್ಕೆ ರೆಫರ್ ಮಾಡ್ತೀಯಾ?’ ಎಂದು ಕೇಳಿ.

4. ವಿಡಿಯೊ ಸಂದರ್ಶನ, ಆಮೇಲೆ ಪ್ರಯಾಣ

ಮಳೆಗಾಲದಲ್ಲಿ ನೆಟ್‌ವರ್ಕಿಗಿಂತ ಹೆಚ್ಚು ಕಾಡುವುದು ತಗಡಿನ ಮಾಡು. ಮಳೆ ಜೋರಾದರೆ ಫೋನಿನ ಮೈಕ್ ನಿಮ್ಮ ಮಾತು ಬಿಟ್ಟು ಮಾಡಿನ ಸದ್ದನ್ನೇ ಹಿಡಿಯುತ್ತದೆ. ಬಾಯಿಯ ಹತ್ತಿರ ಮೈಕ್ ಇರುವ ತಂತಿಯ ಇಯರ್‌ಫೋನ್ ಬಳಸಿ, ಸ್ಲ್ಯಾಬ್ ಹಾಕಿದ ಕೋಣೆಯಲ್ಲಿ ಕೂರಿ. ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಕೆಲವು ಗಂಟೆಯಲ್ಲಿ ಮಲಗುತ್ತದೆ. ಬೇರೆ ಕಂಪನಿಯ ಎರಡನೇ ಸಿಮ್ ಇರಲಿ. ಜೊಯಿಡಾದ ಒಳ ಹಳ್ಳಿಗಳವರು ಹಿಂದಿನ ದಿನವೇ ಪೇಟೆಗೆ ಬಂದು ಉಳಿಯುವುದು ಒಳ್ಳೆಯದು.

ನೇರ ಸಂದರ್ಶನಕ್ಕೆ ಕರೆದರೆ ಒಂದಕ್ಕೇ ಓಡಬೇಡಿ. ‘ಮಂಗಳವಾರದಿಂದ ಗುರುವಾರದವರೆಗೆ ಬೆಂಗಳೂರಿನಲ್ಲಿರುತ್ತೇನೆ’ ಎಂದು ಬಾಕಿ ಇರುವ ಎಲ್ಲರಿಗೂ ತಿಳಿಸಿ, ಮೂರು ದಿನದಲ್ಲಿ ಮೂರು ನಾಲ್ಕು ಸಂದರ್ಶನ ಹೊಂದಿಸಿ. ಈ ಒಂದು ವಾಕ್ಯವೇ ‘ಬರುತ್ತಾರೋ ಇಲ್ಲವೋ’ ಎಂಬ ಅನುಮಾನಕ್ಕೆ ಉತ್ತರ. ಕರಾವಳಿಯವರಿಗೆ ಕಾರವಾರದಿಂದ ಹೊರಡುವ ಪಂಚಗಂಗಾ ರಾತ್ರಿ ರೈಲಿದೆ. ಶಿರಸಿಗೆ ರೈಲಿಲ್ಲ, ರಾತ್ರಿ ಬಸ್ಸೇ ಗತಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆಯಾಗುತ್ತದೆ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನೆನಪಿದೆಯಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನ ಮುಂಚೆ ತಲುಪುವ ಲೆಕ್ಕವೇ ಇರಲಿ.

5. ಆಫರ್ ಲೆಟರ್ ಓದುವುದು

‘ವರ್ಷಕ್ಕೆ ಮೂರು ಲಕ್ಷ’ ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದುಕೊಂಡು ಪಿ.ಜಿ. (ಊಟ, ವಸತಿಯ ಪೇಯಿಂಗ್ ಗೆಸ್ಟ್) ಹುಡುಕುವವರಿದ್ದಾರೆ. ಬರುವುದಿಲ್ಲ. ಮೂಲ ವೇತನ 12,500 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) ಅದರ ಶೇ 12, ಅಂದರೆ 1,500 ರೂಪಾಯಿ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಉಪದಾನ) ಶೇ 4.81ರಂತೆ ಸುಮಾರು 600 ರೂಪಾಯಿ, ಇವೆರಡೂ ಆ 25,000ದ ಒಳಗೇ ಸೇರಿರುವುದು ರೂಢಿ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,500. ಉಳಿದದ್ದು ಸುಮಾರು 21,400. ವಿಮೆಯ ಕಂತು ಹಿಡಿದರೆ ಇನ್ನೂ ಇಳಿಯುತ್ತದೆ. ‘ಕೈಗೆ ಎಷ್ಟು ಬರುತ್ತದೆ?’ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಕೆಲಸದ ಸ್ಥಳ, ಬಾಂಡ್ (ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಕರಾರು), ಪ್ರೊಬೇಷನ್ (ಆರಂಭದ ಪರೀಕ್ಷಾ ಅವಧಿ), ನೋಟಿಸ್ ಅವಧಿ ಇವಿಷ್ಟನ್ನು ಗುರುತು ಹಾಕಿಕೊಂಡು ಓದಿ. ‘ಭಾರತದ ಯಾವುದೇ ಕಡೆ’ ಎಂದಿದ್ದರೆ ಮೊದಲ ನೇಮಕ ಎಲ್ಲಿ ಎಂದು ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಈ ಪತ್ರ ಕೈಗೆ ಬರುವ ತನಕ ಊರಿನ ಕೆಲಸಕ್ಕೆ ರಾಜೀನಾಮೆ ಕೊಡಲೇಬೇಡಿ, ಫೋನಿನಲ್ಲಿ ಎಷ್ಟೇ ಖಚಿತವಾಗಿ ಹೇಳಿದರೂ.

ದೂರದಿಂದ ಹುಡುಕುವವರೇ ವಂಚಕರಿಗೆ ಸುಲಭದ ತುತ್ತು. ಕಚೇರಿ ನೋಡಿಬರಲು ಆಗುವುದಿಲ್ಲವಲ್ಲ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ಯಾರೇ ಹಣ ಕೇಳಿದರೂ ಅಲ್ಲಿಗೆ ಮಾತು ನಿಲ್ಲಿಸಿ. ಕಂಪನಿಯ ಹೆಸರನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹುಡುಕಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಬಿಟ್ಟು ಬರಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಖಾತೆಯಲ್ಲೇ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

6. ಮೊದಲ ಸಂಬಳದವರೆಗಿನ ಹಣ

ಅನೇಕ ಕಂಪನಿಗಳು 20ರಿಂದ 25ನೇ ತಾರೀಕಿನ ಹೊತ್ತಿಗೆ ಆ ತಿಂಗಳ ಸಂಬಳದ ಪಟ್ಟಿ ಮುಚ್ಚುತ್ತವೆ. ಜೂನ್ 26ಕ್ಕೆ ಸೇರಿದರೆ ಜೂನಿನ ಐದು ದಿನದ ಸಂಬಳವೂ ಜುಲೈ ಕೊನೆಗೇ ಬರುತ್ತದೆ, ಕೆಲವು ಕಡೆ ಆಗಸ್ಟ್ 7ಕ್ಕೆ. ಅಂದರೆ ಐದಾರು ವಾರ ಕೈಯಿಂದಲೇ ಖರ್ಚು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ತಿಂಗಳ ಮೊದಲ ವಾರ ಸೇರಿ.

ಬಾಡಿಗೆ ಮನೆಯ ಮುಂಗಡ ಬೆಂಗಳೂರಿನಲ್ಲಿ ಐದರಿಂದ ಹತ್ತು ತಿಂಗಳ ಬಾಡಿಗೆಯಷ್ಟಾಗುತ್ತದೆ. ಪ್ರೊಬೇಷನ್‌ನಲ್ಲಿ ಕೆಲಸ ಬಿಡುವಂತಾದರೆ ಆ ಹಣ ತಿರುಗಿ ಪಡೆಯುವುದೇ ಒಂದು ಕೆಲಸವಾದೀತು. ಮೊದಲ ಎರಡು ತಿಂಗಳು ಕಚೇರಿಗೆ ನಡೆದು ಹೋಗುವಷ್ಟು ದೂರದ ಪಿ.ಜಿ.ಯಲ್ಲಿರಿ. ಠೇವಣಿಯಲ್ಲಿ ‘ಮೇಂಟೆನೆನ್ಸ್’ ಎಂದು ಎಷ್ಟು ಮುರಿಯುತ್ತಾರೆ, ಬಿಡುವುದನ್ನು ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದನ್ನು ಹಣ ಕೊಡುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಊಟದ ಬಗ್ಗೆಯೂ ಕೇಳಿ. ಕುಚ್ಚಲಕ್ಕಿ ಅನ್ನ, ಮೀನು ಎರಡೂ ಸಿಗುವ ಪಿ.ಜಿ. ಅಪರೂಪ.