ಮೊದಲ ಬ್ಯಾಚಿನಲ್ಲೇ ಮುಳುಗದಂತೆ ಕಂಪ್ಯೂಟರ್ ಬೋರ್ಡ್ ಮಾಡುವುದು

ಶಿವಮೊಗ್ಗದಲ್ಲಿ ಕಂಪ್ಯೂಟರ್ ಬೋರ್ಡ್ ಮಾಡಿ ಮಾರಲು ಹೊರಟವರು ಮೊದಲು 10 ಮಾತ್ರ ಮಾಡಿಸಿ. ಎರಡನ್ನು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಇಡೀ ಮಳೆಗಾಲ ಹಗಲಿರುಳು ಓಡಿಸಿ ನೋಡಿ. ಬೆಸುಗೆಯ ಮೇಲೆ ಉಳಿದ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ರಾಸಾಯನಿಕ) ಇಲ್ಲಿನ ತೇವ ಹೀರಿ ಕರೆಂಟ್ ಸೋರಿಕೆಗೆ ದಾರಿ ಮಾಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕನೆಕ್ಟರ್‌ಗಳಿಗೆ ಟೇಪ್ ಸುತ್ತಿ, ಆಮೇಲಷ್ಟೇ ತೇವ ತಡೆಯುವ ಅಕ್ರಿಲಿಕ್ ಕೋಟಿಂಗ್ ಹಚ್ಚಿ. ಕೊಳೆಯ ಮೇಲೆ ಹಚ್ಚಿದರೆ ತೇವ ಒಳಗೇ ಕೂರುತ್ತದೆ.

ಪ್ಲಾಸ್ಟಿಕ್ ಡಬ್ಬಿಯ ಅಚ್ಚಿಗೆ ಈಗಲೇ ದುಡ್ಡು ಸುರಿಯಬೇಡಿ. ಒಂದು ಸ್ಕ್ರೂ ತೂತು ಸರಿದರೂ ಅಚ್ಚು ತಿದ್ದಿಸಬೇಕು.

ಇರುವ ಸರಕು ಖಾಲಿಯಾಗುವ ತನಕ ಮುಂದಿನ ಮಾಡೆಲ್ ಬಗ್ಗೆ ಬಾಯಿ ಬಿಡಲೇಬೇಡಿ. 1981ರ ಆಸ್ಬೋರ್ನ್ 1 ಎಂಬ ಹೊತ್ತೊಯ್ಯಬಲ್ಲ ಕಂಪ್ಯೂಟರ್ ಭರ್ಜರಿಯಾಗಿ ಮಾರಾಟವಾಗಿತ್ತು, 1983ರಲ್ಲಿ ಕಂಪನಿಯೇ ದಿವಾಳಿ. ಪೈಪೋಟಿಯೂ ಕಾರಣವೇ, ಆದರೆ ಹೊಸದರ ಸುದ್ದಿ ಕೇಳಿ ಡೀಲರ್‌ಗಳು ಹಳೆಯದರ ಆರ್ಡರ್ ನಿಲ್ಲಿಸಿದ್ದರು.