ಮೀನಿನ ತೊಟ್ಟಿಯಲ್ಲಿ ಸಮುದ್ರ ಇಳಿಸಿದ್ದು: ನನ್ನ ಅನುಭವ

"ಮೈಸೂರಲ್ಲಿ ಕೂತು ಸಮುದ್ರ ಏರಿಳಿಸ್ತೀಯಾ?" ಅಂತ ಜೊತೆಯ ಮೇಷ್ಟ್ರುಗಳು ನಗುತ್ತಿದ್ದರು. ಸಮುದ್ರದ ಮಟ್ಟ ಏರಿಳಿದಾಗ ಮರಳು, ಕೆಸರಿನ ಪದರ ಹೇಗೆ ಕೂರುತ್ತವೆ ಅಂತ ಹುಡುಗರಿಗೆ ತೊಟ್ಟಿಯಲ್ಲಿ ತೋರಿಸಲು ಹೊರಟಿದ್ದೆ. ಈಗ ಅವರೇ ತಮ್ಮ ತರಗತಿಗೆ ನನ್ನ ಪೀಲ್, ಅಂದರೆ ಆ ಪದರಗಳನ್ನು ಬಟ್ಟೆಗೆ ಅಂಟಿಸಿ ತೆಗೆದ ಅಚ್ಚು, ಕೇಳುತ್ತಿದ್ದಾರೆ.

ತೊಟ್ಟಿ ಮಂಡಿ ಮೊಹಲ್ಲಾದ ಗುಜರಿಯದು. ನಾಲ್ಕಡಿ ಉದ್ದ, ಎಂಟುನೂರೋ ಒಂಬೈನೂರೋ ಕೊಟ್ಟೆ. ದುಡ್ಡು ತಿಂದಿದ್ದು ತೊಟ್ಟಿಗೆ ಹೊಳೆಯಂತೆ ನೀರು ಹರಿಸುವ ಪಂಪು. ಎರಡು ಸಾವಿರದ್ದು ಮರಳನ್ನೆಲ್ಲ ಒಂದೇ ಏಟಿಗೆ ತಳ್ಳಿಬಿಟ್ಟಿತು. ಕೊನೆಗೆ ಕೂಲರಿನ ಮುನ್ನೂರು ರೂಪಾಯಿ ಪಂಪೇ ಸಾಕಾಯಿತು.

ಮರಳಿಗೆ ಜರಡಿ ಹಿಡಿದ ಎಂ-ಸ್ಯಾಂಡ್. ಕೆಸರಿನದೇ ತಲೆನೋವು. ಕೆರೆ ಮಣ್ಣು ಹಾಕಿದರೆ ನೀರು ದಿನಗಟ್ಟಲೆ ರಾಡಿ. ಸುಮ್ನೆ ಒಂದು ಬಕೆಟ್ ರಾಡಿಗೆ ಹಿಡಿ ಉಪ್ಪು ಹಾಕಿ ನೋಡಿದೆ. ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿದವು. ಅಳಿವೆಯಲ್ಲಿ ಕೆಸರು ಕೂರುವುದೂ ಹೀಗೇ ಅಲ್ವಾ. ಮಂಡ್ಯದ ಆಲೆಮನೆಯಿಂದ ತಂದ ಬೂದಿ ತೇಲಿತು. ಕೆಸರಿನ ಬದಲಿಗೆ ಗೆದ್ದಿದ್ದು ಕಲ್ಲಿದ್ದಲ ಪುಡಿ. ಹಗುರವಾದ್ದರಿಂದ ಮರಳು ನಿಂತ ಮೇಲೂ ಮುಂದೆ ಹೋಗಿ ಆಳದಲ್ಲಿ ಕೂರುತ್ತದೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಇಂಥದ್ದೇ ಪ್ರಯೋಗಕ್ಕೆ ಕಟ್ಟಿದ ದೊಡ್ಡ ತೊಟ್ಟಿಯಲ್ಲೂ ಇದೇ ಮರಳು-ಕಲ್ಲಿದ್ದಲ ಜೋಡಿ. ಎಷ್ಟಕ್ಕೆ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಸೈಫನ್ ಹಾಕಿ ನೀರು ಇಳಿಸಿದಾಗೆಲ್ಲ ದಡ ಕುಸಿದು ಪದರ ಕಲಸಿಹೋಗುತ್ತಿತ್ತು. ಆಮೇಲೆ ನೀರು ಹೊರಹೋಗುವ ಪೈಪಿನ ಬಾಯಿಯನ್ನು ಥ್ರೆಡ್ ರಾಡಿಗೆ (ಉದ್ದಕ್ಕೂ ಸ್ಕ್ರೂ ಮರೆ ಇರುವ ಸರಳಿಗೆ) ಕಟ್ಟಿದೆ. ಅದನ್ನು ಒಂದು ಸುತ್ತು ತಿರುಗಿಸಿದರೆ ನೀರು ಒಂದೂವರೆ ಮಿಲಿಮೀಟರ್ ಇಳಿಯುತ್ತದೆ. ಸುಮಾರು 20,000 ವರ್ಷ ಹಿಂದೆ ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತಲ್ಲ, ಹತ್ತು ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕ ಹಿಡಿದು 12 ಸೆಂಟಿಮೀಟರ್ ಇಳಿಸಿದೆ. ಬೆಳಿಗ್ಗೆ ಶುರು ಮಾಡಿದ್ದು ಸಂಜೆಯಾಯಿತು. ಹೊಳೆ ತಾನೇ ಕಟ್ಟಿದ ಮುಖಜಭೂಮಿಯನ್ನು ಕೊರೆದು ಕಣಿವೆ ಮಾಡಿತು. ಮರಳು ಕಪ್ಪು ಕಲ್ಲಿದ್ದಲ ಪದರದ ಮೇಲೆ ಹತ್ತಿ ಮುಂದೆ ಸಾಗಿತು.

ಏರಿಸುವಾಗ ಕಣಿವೆ ತುಂಬಿತು, ದಡ ಹಿಂದೆ ಸರಿಯಿತು, ಮರಳಿನ ಮೇಲೆ ಕಪ್ಪು ಕೂತಿತು. ನಡುವೆ ಬೇಕಂತಲೇ ಎರಡು ಸೆಂಟಿಮೀಟರ್ ಸರಸರ ಏರಿಸಿದೆ. ಸುಮಾರು 14,500 ವರ್ಷ ಹಿಂದೆ ಹಿಮ ಕರಗಿ ಸಮುದ್ರ ಹೀಗೇ ಜಿಗಿದಿತ್ತು. ಅಲ್ಲಿ ಮರಳಿಗೂ ಕಪ್ಪಿಗೂ ನಡುವೆ ಗೆರೆ ಎಳೆದಂತಿದೆ. ನಿಧಾನ ಏರಿದ ಕಡೆ ಎರಡೂ ಹೆಣೆದುಕೊಂಡಿವೆ.

ನಮ್ಮ ಪಶ್ಚಿಮ ಕರಾವಳಿಯಾಚೆ ದಡದ ಹತ್ತಿರ ಕೆಸರು, ದೂರದ ಆಳದಲ್ಲಿ ಮರಳು ಯಾಕೆ ಅಂತ ಹುಡುಗರು ಕೇಳುತ್ತಿದ್ದರು. ಆ ಮರಳು ಸಮುದ್ರ ಕೆಳಗಿದ್ದ ಕಾಲದ್ದು. ಈಗ ತೊಟ್ಟಿಯ ಗಾಜಿನಲ್ಲಿ ಬೆರಳಿಟ್ಟು ತೋರಿಸುತ್ತೇನೆ.

ಪೀಲ್‌ಗೆ ರಾತ್ರಿಯಿಡೀ ನೀರು ಬಸಿದು, ಪದರಗಳನ್ನು ತಗಡಿನಿಂದ ಕತ್ತರಿಸಿ, ಬಟ್ಟೆಯ ಮೇಲೆ ತೆಳು ಫೆವಿಕಾಲ್. ಮೊದಮೊದಲು ಎಲ್ಲ ಉದುರಿತು. ಇನ್ನೊಂದು ವಸ್ತು ಬೆರೆಸಿದ ಮೇಲೆ ನಿಂತಿತು. ಅದು ಏನು ಅನ್ನುವುದು ಮನೆಗೆ ಬಂದು ಕಾಫಿ ಕುಡಿದವರಿಗೆ ಮಾತ್ರ. ಒಟ್ಟು ಖರ್ಚು ಆರು ಸಾವಿರದ ಆಸುಪಾಸು, ಅರ್ಧಕ್ಕಿಂತ ಜಾಸ್ತಿ ಕೆಲಸಕ್ಕೆ ಬಾರದ ಪಂಪುಗಳದ್ದೇ.